ನಗರದ ಕೋಟೆಯಲ್ಲಿ ‘ನೋಡಲು ಏನಿದೆ?’ ಎಂದು ಕೇಳುವವರಿಗೆ ಉತ್ತರ ಹೇಳುವವರು ಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಹೊಸನಗರ ತಾಲ್ಲೂಕಿನ ನಗರ ಎಂಬ ನಮ್ಮ ಊರಿನ ಕೋಟೆ, ಕೊಳ ಮತ್ತು ಸುತ್ತಲಿನ ಬೆಟ್ಟಗಳ ವಿಚಾರವಾಗಿ ತಮ್ಮ ಪತ್ರಿಕೆಯ ಮೂಲಕ ಓದುಗರ ಮತ್ತು ಸಂಬಂಧಪಟ್ಟವರ ಗಮನ ಸೆಳೆಯಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ. ಆದರೂ ಸಾಧ್ಯವಾದರೆ ಪೂರ್ತಿಯಾಗಿ ಪ್ರಕಟಿಸಬೇಕೆಂದು ವಿನಂತಿ.

ಕಳೆದ ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಶಿವಪ್ಪ ನಾಯಕನ ಕೋಟೆಗೆ ಹೋಗಿದ್ದೆ. ರಸ್ತೆಯ ಬದಿಗೆ ಎರಡು ಕಾರು ನಿಂತವು. ಏಳೆಂಟು ಮಂದಿ ಯುವಕ ಯುವತಿಯರು ಇಳಿದು ಮೇಲೆ ಬಂದರು. ಬಾಗಿಲು ದಾಟಿ ಬಂದವರು ಹತ್ತು ನಿಮಿಷದೊಳಗೆ ಒಂದು ಸುತ್ತು ಹಾಕಿ, ಬುರುಜಿನ ಮೇಲೆ ನಿಂತು ಫೋಟೊ ತೆಗೆದುಕೊಂಡು ಹೊರಡಲು ಸಿದ್ಧರಾದರು. ಅವರಲ್ಲೊಬ್ಬ ಹುಡುಗ ನನ್ನ ಬಳಿ ಬಂದು, ಬಹಳ ಮರ್ಯಾದೆಯಿಂದಲೇ, ‘ಸರ್, ಇಲ್ಲಿ ಇನ್ನೇನಾದರೂ ನೋಡಲು ಇದೆಯೇ?’ ಎಂದು ಕೇಳಿದ. ಆ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಗೊತ್ತಿಲ್ಲದವರ ಕಣ್ಣಿಗೆ ಅಲ್ಲಿ ಕಾಣುವುದು ಹುಲ್ಲು ಬೆಳೆದ ಜಗಲಿಗಳು, ಪಾಚಿ ಹಿಡಿದ ಜಂಬಿಟ್ಟಿಗೆ ಕಲ್ಲಿನ ಗೋಡೆಗಳು ಮತ್ತು ನೀರು ನಿಂತ ಎರಡು ಕೊಳ, ಅಷ್ಟೇ. ನನಗೆ ತಿಳಿದಷ್ಟನ್ನು ಹೇಳತೊಡಗಿದೆ. ಒಂದೂವರೆ ಗಂಟೆ ಕಳೆದದ್ದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮೊಮ್ಮಗಳು ಹಸಿವೆ ಎಂದಾಗಲೇ ನೆನಪಾದದ್ದು. ಮಧ್ಯಾಹ್ನಕ್ಕೆ ಕೊಡಚಾದ್ರಿಗೆ ಓಡಬೇಕೆಂದು ಹೊರಟಿದ್ದ ಆ ಮಕ್ಕಳು ಅಂದು ನಗರದಲ್ಲೇ ಊಟ ಮಾಡಿ, ಹತ್ತಿರದ ದೇವಗಂಗೆಯ ಕೊಳಗಳನ್ನು ನೋಡಿ, ರಾತ್ರಿ ಸಮೀಪದ ಮನೆಯೊಂದರಲ್ಲಿ ಉಳಿದು, ಮರುದಿನ ಬೆಟ್ಟಕ್ಕೆ ಹೋದರಂತೆ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಉಳಿದಿರುವುದು ಒಂದೇ ವಿಚಾರ. ನಮ್ಮ ಊರಿಗೆ ಪ್ರವಾಸಿಗಳ ಕೊರತೆಯಿಲ್ಲ. ಕೊಲ್ಲೂರಿಗೆ ಹೋಗುವವರು, ಕೊಡಚಾದ್ರಿ ಹತ್ತುವವರು, ಹುಲಿಕಲ್ ಘಾಟಿಯಲ್ಲಿ ಕುಂದಾಪುರದ ಕಡೆ ಇಳಿಯುವವರು ಎಲ್ಲರೂ ಈ ದಾರಿಯಲ್ಲೇ ಹಾಯುತ್ತಾರೆ. ಕೊರತೆಯಿರುವುದು ನಿಂತು ನೋಡುವುದಕ್ಕೆ ಕಾರಣ ತಿಳಿಸುವವರದ್ದು. ಈ ಕೊರತೆಯನ್ನು ನೀಗಿಸುವುದಕ್ಕೆ ಬೇಕಾಗಿರುವ ಹಣವೂ ಅಲ್ಪ, ಅದಕ್ಕೆ ಕಾಡು ಕಡಿಯಬೇಕಾಗಿಯೂ ಇಲ್ಲ. ಆದರೆ ‘ಪ್ರವಾಸೋದ್ಯಮ ಅಭಿವೃದ್ಧಿ’ ಎಂಬ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆಯಾಗುವುದು ರಸ್ತೆ ಅಗಲೀಕರಣ, ಕಾಂಕ್ರೀಟ್ ಕಟ್ಟಡ, ರೋಪ್‌ವೇ ಇಂಥವು ಮಾತ್ರ.

ನಗರ ಎಂದರೇನು ಎಂಬುದನ್ನು ಹೊರಗಿನ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಹೆಸರು ಕೇಳಿ ದೊಡ್ಡ ಪಟ್ಟಣವೆಂದು ಬಂದವರಿಗೆ ಇಲ್ಲಿ ಸಿಗುವುದು ನಾಲ್ಕಾರು ಅಂಗಡಿ, ಬಸ್ ನಿಲ್ದಾಣ, ಶಾಲೆ, ಸುತ್ತಲೂ ಅಡಿಕೆ ತೋಟ ಮತ್ತು ಕಾನು. ಮೊದಲು ಇದು ಬಿದರೂರು ಅಥವಾ ಬಿದನೂರು, ಅಂದರೆ ಬಿದಿರು ಮೆಳೆಗಳ ಊರು, ಸಂಸ್ಕೃತದಲ್ಲಿ ವೇಣುಪುರ. ಕೆಳದಿಯಲ್ಲಿ ಆರಂಭವಾಗಿ ಇಕ್ಕೇರಿಗೆ ಬಂದಿದ್ದ ನಾಯಕರ ರಾಜಧಾನಿ ವೀರಭದ್ರ ನಾಯಕನ ಕಾಲದಲ್ಲಿ, 1639ರ ಸುಮಾರಿಗೆ, ಇಲ್ಲಿಗೆ ಬದಲಾಯಿತು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಈ ಊರನ್ನು ಕಟ್ಟಿ ಬೆಳೆಸಿದ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಕಾಲಕ್ರಮದಲ್ಲಿ ‘ಹೈದರ್’ ಎಂಬುದು ಕಳಚಿಕೊಂಡು ‘ನಗರ’ ಮಾತ್ರ ಉಳಿಯಿತು. 1783ರ ಆರಂಭದಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಕೋಟೆಯನ್ನು ಹಿಡಿದಾಗ ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಅದನ್ನು ಮರಳಿ ಪಡೆದ. 1830-31ರ ಪ್ರಸಿದ್ಧ ನಗರ ದಂಗೆ, ಮೈಸೂರಿನ ಆಡಳಿತವನ್ನು ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಳ್ಳಲು ಕಾರಣವಾದ ರೈತರ ಬಂಡಾಯ, ಇದೇ ಸೀಮೆಯ ಹೆಸರನ್ನು ಹೊತ್ತಿದೆ. ಮುಂದೆ ತಾಲ್ಲೂಕು ಕೇಂದ್ರವೂ ಕಲ್ಲೂರುಕಟ್ಟೆಗೆ ಹೋಗಿ, ಆ ಊರು ಹೊಸನಗರವಾಯಿತು. ಒಂದು ಕಾಲದ ರಾಜಧಾನಿ ಈಗ ಹೋಬಳಿ ಕೇಂದ್ರ.

ರಾಜಧಾನಿ ಇಲ್ಲಿಗೇ ಏಕೆ ಬಂತು ಎಂಬುದನ್ನು ಕೋಟೆಯ ಮೇಲೆ ನಿಂತು ಹೇಳಿದರೆ ಚಿಕ್ಕ ಮಗುವಿಗೂ ಅರ್ಥವಾಗುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದರೆ ಘಟ್ಟದ ಅಂಚು. ಅದರ ಕೆಳಗೆ ಕರಾವಳಿ. ಮಲೆನಾಡಿನ ಮೆಣಸು, ಅಡಿಕೆ, ಅಕ್ಕಿಯನ್ನು ಹೇರೆತ್ತುಗಳ ಮೇಲೆ ಹೊರಿಸಿ ಘಟ್ಟ ಇಳಿಸಿ ಬಸರೂರು, ಹೊನ್ನಾವರ, ಭಟ್ಕಳದ ಬಂದರುಗಳಿಗೆ ಮುಟ್ಟಿಸಿದರೆ ಅಲ್ಲಿಂದ ಪೋರ್ಚುಗೀಸರ ಮತ್ತು ಅರಬರ ಹಡಗುಗಳಿಗೆ ಹೋಗುತ್ತಿತ್ತು. ಘಟ್ಟದ ದಾರಿ ಯಾರ ಕೈಯಲ್ಲಿದೆಯೋ ಸುಂಕವೂ ಅವರ ಕೈಯಲ್ಲಿ. ಶತ್ರು ಬರಬೇಕಾದರೆ ಒಂದು ಕಡೆಯಿಂದ ಘಟ್ಟ ಹತ್ತಬೇಕು, ಇನ್ನೊಂದು ಕಡೆಯಿಂದ ದಟ್ಟ ಕಾಡು ಹಾದು ಬರಬೇಕು. ಕೋಟೆಯ ಗೋಡೆಗಿಂತ ದೊಡ್ಡ ಗೋಡೆಯಾಗಿ ನಿಂತದ್ದು ಈ ಕಾಡು ಮತ್ತು ಇಲ್ಲಿನ ಮಳೆ. ಮಳೆಗಾಲದಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರತಿದಿನ ಬರುವ ಮಳೆಯ ಪಟ್ಟಿಯನ್ನು ಗಮನಿಸಿದವರಿಗೆ ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ, ಚಕ್ರಾ, ಸಾವೇಹಕ್ಲು ಎಂಬ ಹೆಸರುಗಳು ಪರಿಚಿತವೇ. ಅವೆಲ್ಲ ನಮ್ಮ ನೆರೆಯ ಊರುಗಳು.

ಕೋಟೆಯೊಳಗೆ ನಾನು ಆ ಮಕ್ಕಳಿಗೆ ತೋರಿಸಿದ್ದು ಹೆಚ್ಚೇನಲ್ಲ. ಹೊರಗಿನ ಕಂದಕ, ಬಾಗಿಲಿನ ಎರಡು ಬದಿಯ ದುಂಡನೆಯ ಬುರುಜು, ದರ್ಬಾರು ನಡೆಯುತ್ತಿದ್ದ ಸ್ಥಳವೆಂದು ಹೇಳುವ ಎತ್ತರದ ಜಗಲಿ, ಅಕ್ಕ-ತಂಗಿ ಕೊಳಗಳು. ಆದರೆ ಅವರನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಕಲ್ಲುಗಳಲ್ಲ, ಕಲ್ಲುಗಳ ಹಿಂದಿನ ಮನುಷ್ಯರು. ಶಿವಪ್ಪ ನಾಯಕ ಜಮೀನನ್ನು ಅದರ ಗುಣದ ಮೇಲೆ ಐದು ದರ್ಜೆಗಳಾಗಿ ವಿಂಗಡಿಸಿ, ಬೆಳೆಯ ಲೆಕ್ಕ ನೋಡಿ ಕಂದಾಯ ನಿಗದಿ ಮಾಡಿದ ‘ಶಿಸ್ತು’ ಎಂಬ ಪದ್ಧತಿಯನ್ನು ವಿವರಿಸಿದಾಗ, ಅವರಲ್ಲೊಬ್ಬಳು ತನ್ನ ಅಜ್ಜನ ಮನೆಯ ಹಳೆಯ ಕಾಗದಗಳಲ್ಲಿ ‘ಶಿಸ್ತು’ ಎಂಬ ಪದ ಓದಿದ್ದೇನೆಂದೂ ಅದು ಶಾಲೆಯಲ್ಲಿ ಹೇಳುವ ಶಿಸ್ತು ಎಂದುಕೊಂಡಿದ್ದೆನೆಂದೂ ಹೇಳಿದಳು. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ರಾಣಿ ಚೆನ್ನಮ್ಮಾಜಿ ಈ ಸಂಸ್ಥಾನದವಳೇ ಎಂದಾಗ, ಕಿತ್ತೂರಿನ ಚೆನ್ನಮ್ಮನಲ್ಲವೇ ಎಂದು ಕೇಳಿದರು. ಇಬ್ಬರ ನಡುವೆ ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ವಿದ್ಯಾವಂತ ಕನ್ನಡದ ಮಕ್ಕಳು ಕೆಳದಿಯ ಚೆನ್ನಮ್ಮಾಜಿಯನ್ನು ಆಕೆಯ ರಾಜಧಾನಿಯಲ್ಲೇ ನಿಂತು ಗುರುತಿಸಲಾರರು ಎಂದರೆ, ಮೂವತ್ತು ವರ್ಷ ಪಾಠ ಹೇಳಿದ ನನ್ನಂಥವನಿಗೆ ಅದು ನೋವಿನ ಸಂಗತಿ.

ಕೋಟೆಯ ಸ್ಥಿತಿಯ ಬಗ್ಗೆಯೂ ಹೇಳಬೇಕು. ನಗರದ ಕೋಟೆ, ಅರಮನೆಯ ನಿವೇಶನ, ದೇವಗಂಗೆಯ ಕೊಳಗಳು, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಇವು ರಾಷ್ಟ್ರೀಯ ಮಹತ್ವದ ಸಂರಕ್ಷಿತ ಸ್ಮಾರಕಗಳು. ಜಂಬಿಟ್ಟಿಗೆ ಕಲ್ಲು ಮಳೆ ಕುಡಿಯುವ ಕಲ್ಲು. ಗೋಡೆಯ ಸಂದಿಗೆ ಹಕ್ಕಿ ತಂದು ಹಾಕಿದ ಅತ್ತಿಯ ಬೀಜವೊಂದು ಮೊಳೆತು, ಎರಡು ಮಳೆಗಾಲದಲ್ಲಿ ಬೇರು ಬಿಟ್ಟರೆ ಮೂರನೆಯ ಮಳೆಗಾಲಕ್ಕೆ ಕಲ್ಲು ಸರಿಯುತ್ತದೆ. ಗಿಡ ಬೆರಳಿನಷ್ಟು ದಪ್ಪವಿದ್ದಾಗ ಕಿತ್ತರೆ ಐದು ನಿಮಿಷದ ಕೆಲಸ; ಬೇರು ತೋಳಿನಷ್ಟಾದ ಮೇಲೆ ಕಿತ್ತರೆ ಗೋಡೆಯೇ ಜೊತೆಗೆ ಬರುತ್ತದೆ. ವರ್ಷಕ್ಕೊಮ್ಮೆ ಹಳು ಸವರಿದರೆ ಸಾಲದು, ಮಳೆಗಾಲ ಮುಗಿದ ಕೂಡಲೇ ಒಮ್ಮೆ, ಶಿವರಾತ್ರಿಯ ಸುಮಾರಿಗೆ ಇನ್ನೊಮ್ಮೆ ಗೋಡೆಯ ಗಿಡಗಳನ್ನು ನೋಡಿ ತೆಗೆಯಬೇಕು. ನಮ್ಮ ತೋಟದ ಕೆಲಸ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಯೂ ಇಲ್ಲ. ಆದರೆ ಸಂರಕ್ಷಿತ ಸ್ಮಾರಕದ ಗೋಡೆಯನ್ನು ಊರಿನವರು ತಾವಾಗಿ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಆದ್ದರಿಂದ ಪುರಾತತ್ವ ತಜ್ಞರ ಮೇಲ್ವಿಚಾರಣೆಯಲ್ಲಿ ಸ್ಥಳೀಯರಿಗೇ ಈ ಕೆಲಸವನ್ನು ದಿನಗೂಲಿಯ ಮೇಲೆ ಕೊಡುವ ಏರ್ಪಾಡು ಆಗಬೇಕು. ಇನ್ನು ಮೊಳೆಯಿಂದ ಹೆಸರು ಕೆತ್ತುವವರ ವಿಚಾರ. ಅಂದು ಬುರುಜಿನ ಒಳಗೋಡೆಯಲ್ಲಿ ನನ್ನ ಮೊಮ್ಮಗಳು ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹೋದಳು. ಹನ್ನೊಂದನೆಯದಕ್ಕೆ ನಾನೇ ಅವಳ ಕೈ ಹಿಡಿದು ಈಚೆಗೆ ಕರೆತಂದೆ.

ದೇವಗಂಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಕ್ಷಮಿಸಬೇಕು. ನಗರದಿಂದ ಕೆಲವೇ ಕಿಲೋಮೀಟರ್ ದೂರದ ಬಸವನಬ್ಯಾಣದಲ್ಲಿ, ಗುಡ್ಡದ ಬುಡದಲ್ಲಿ, ಕಲ್ಲಿನಲ್ಲಿ ಕಟ್ಟಿದ ಏಳು ಕೊಳಗಳ ಸಮೂಹ ಅದು. ನಾಯಕರ ರಾಜಪರಿವಾರದ ವಿಹಾರಕ್ಕೆಂದು ಕಟ್ಟಿದ್ದೆಂದು ಹೇಳುತ್ತಾರೆ. ಒಂದು ಕೊಳದ ಆಕಾರ ಇನ್ನೊಂದಕ್ಕಿಲ್ಲ. ಗುಡ್ಡದಿಂದ ಬರುವ ಊಟೆಯ, ಅಂದರೆ ಒರತೆಯ, ನೀರು ಒಂದು ಕೊಳ ತುಂಬಿ, ಕಲ್ಲಿನ ಕಾಲುವೆಯಲ್ಲಿ ಹರಿದು ಇನ್ನೊಂದಕ್ಕೆ ಬೀಳುತ್ತದೆ. ಕೊನೆಗೆ ಹೊರಗೆ ಹರಿದು ಹೋಗುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ, ಕೀಲಿ ತಿರುಗಿಸುವವರಿಲ್ಲ. ಎತ್ತರದ ಊಟೆಗೆ ಅಡಿಕೆ ಮರದ ದಬ್ಬೆ ಕೊಟ್ಟು ಅಂಗಳದವರೆಗೆ ಅಬ್ಬಿ ನೀರು ತಂದುಕೊಂಡು ಬದುಕಿದ ಮಲೆನಾಡಿನವರಿಗೆ ಇದರ ಲೆಕ್ಕ ಹೊಸದಲ್ಲ. ನಮ್ಮ ಹಿತ್ತಲಿನ ಜಾಣತನವನ್ನೇ ಅರಮನೆಯವರು ಕಲ್ಲಿನಲ್ಲಿ ಚಂದವಾಗಿ ಕಟ್ಟಿಸಿದರು ಎಂದು ನನ್ನ ಭಾವನೆ. ಬೇಸಿಗೆಯಲ್ಲಿ ಅಲ್ಲಿನ ಮೆಟ್ಟಿಲ ಮೇಲೆ ಕುಳಿತು ನೀರಿಗೆ ಕೈಯಿಟ್ಟರೆ ಬೆರಳು ಜುಮ್ಮೆನ್ನುವಷ್ಟು ತಂಪು. ತಳದ ಕಲ್ಲಿನ ಮೇಲೆ ಸಣ್ಣ ಮೀನುಗಳ ನೆರಳು ಓಡಾಡುವುದು ಕಾಣುತ್ತದೆ.

ನೀರಿನ ಕೊರತೆಯ ಬಗ್ಗೆ ಎಲ್ಲ ಊರುಗಳೂ ಮಾತನಾಡುತ್ತಿರುವ ಈ ದಿನಗಳಲ್ಲಿ ರಾಜ್ಯದ ಶಾಲಾ ಪ್ರವಾಸಗಳು ಇಲ್ಲಿಗೆ ಬರಬೇಕು. ಆದರೆ ಶಾಲಾ ಪ್ರವಾಸದ ಬಸ್ಸುಗಳು ಕೋಟೆಯ ಎದುರು ಅರ್ಧ ಗಂಟೆ ನಿಂತು ಕೊಲ್ಲೂರಿಗೆ ಹೋಗುತ್ತವೆ. ಎರಡು ವರ್ಷದ ಹಿಂದೆ ಹೊರಜಿಲ್ಲೆಯ ಶಾಲೆಯೊಂದರ ಮಕ್ಕಳನ್ನು ಕರೆತಂದಿದ್ದ ಶಿಕ್ಷಕರಿಗೆ ದೇವಗಂಗೆಗೆ ಹೋಗಿ ಬನ್ನಿ ಎಂದಾಗ, ‘ಅಲ್ಲಿ ಮಕ್ಕಳಿಗೆ ಶೌಚಾಲಯ ಇದೆಯೇ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ನಲವತ್ತು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ಶಿಕ್ಷಕಿಗೆ ಚರಿತ್ರೆಗಿಂತ ಮೊದಲು ಬೇಕಾಗುವುದು ಅದೇ. ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ವ್ಯಾಪ್ತಿಯಲ್ಲಿ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು; ಈ ಕಾನೂನು ಸರಿಯಾಗಿಯೇ ಇದೆ. ಹಾಗೆಂದು ಶೌಚಾಲಯ, ಕುಡಿಯುವ ನೀರು ಅಸಾಧ್ಯವೇನಲ್ಲ. ಸ್ಮಾರಕದ ಪಕ್ಕಕ್ಕೇ ಕಟ್ಟಡ ತರುವ ಬದಲು ನಗರದ ಪೇಟೆಯಲ್ಲಿ ಚೊಕ್ಕಟವಾದ ವ್ಯವಸ್ಥೆ ಮಾಡಿ, ಅದನ್ನು ದಿನವೂ ತೊಳೆಯುವವರಿಗೆ ಸಂಬಳ ಕೊಟ್ಟರೆ ಸಾಕು. ಕಟ್ಟಿ ಬೀಗ ಹಾಕಿದ ಶೌಚಾಲಯಗಳು ನಮ್ಮ ಜಿಲ್ಲೆಯಲ್ಲಿ ಈಗಾಗಲೇ ಸಾಕಷ್ಟಿವೆ.

ಈಗ ಬೆಟ್ಟದ ವಿಚಾರಕ್ಕೆ ಬರುತ್ತೇನೆ. ಕೊಡಚಾದ್ರಿ 1343 ಮೀಟರ್ ಎತ್ತರದ ಬೆಟ್ಟ. ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ಭಾಗ. ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವಿದೆ. ಇಲ್ಲಿನ ಮಳೆ ಗಾಳಿಯಲ್ಲಿ ಇಷ್ಟು ಕಾಲ ನಿಂತಿರುವ ಆ ಕಂಬವನ್ನು ಕಂಡು ಬೆರಗಾಗದವರಿಲ್ಲ. ಅಲ್ಲಿಂದ ಹುಲ್ಲುಗಾವಲಿನ ಏರಿನಲ್ಲಿ ನಡೆದರೆ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲಿನ ಮಂಟಪ; ಶಂಕರಾಚಾರ್ಯರು ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿದೆ. ಇನ್ನೂ ಮುಂದೆ ಕಡಿದಾದ ಕಾಡುದಾರಿಯಲ್ಲಿ ಇಳಿದರೆ ಚಿತ್ರಮೂಲವೆಂಬ ಗುಹೆ. ಕೆಳಗಿನ ಹಿಡ್ಲುಮನೆ ಅಬ್ಬಿಯ ಕಡೆಯಿಂದ ಕಾಲ್ನಡಿಗೆಯಲ್ಲಿ ಹತ್ತುವವರೂ ಇದ್ದಾರೆ. ಆಕಾಶ ಶುಭ್ರವಾಗಿರುವ ದಿನ ಒಂದು ಕಡೆ ಸಮುದ್ರದ ಅಂಚು, ಇನ್ನೊಂದು ಕಡೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಕಾಣುತ್ತದೆ. ಆ ನೀರಿನ ಹರವು ನೋಡಿ ಎಲ್ಲರೂ ಚಂದವೆನ್ನುತ್ತಾರೆ, ಚಂದವೂ ಹೌದು. ಆದರೆ ಅದರ ಅಡಿಯಲ್ಲಿ ನಮ್ಮವರ ಗದ್ದೆ, ಮನೆ, ದೇವಸ್ಥಾನಗಳಿವೆ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ನಾಡಿಗೆ ಬೆಳಕು ಕೊಡಲು ಊರು ಬಿಟ್ಟವರ ಕಥೆಯೂ ಈ ಸೀಮೆಯ ಚರಿತ್ರೆಯೇ ಅಲ್ಲವೇ? ನಾಯಕರ ಕಥೆಯಷ್ಟೇ ಅದನ್ನೂ ಹೇಳಬೇಕು.

ಕೊಡಚಾದ್ರಿಗೆ ಕೊಲ್ಲೂರಿನಿಂದ ರೋಪ್‌ವೇ ನಿರ್ಮಿಸುವ ಪ್ರಸ್ತಾವ ಕೇಂದ್ರದ ಪರ್ವತಮಾಲಾ ಯೋಜನೆಯಡಿ ಬಂದು ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. ಇದನ್ನು ಬಯಸುವವರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನಗೂ ಈಗ ಮಂಡಿನೋವು. ಮೂಲ ಮೂಕಾಂಬಿಕೆಯ ದರ್ಶನಕ್ಕೆ ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಿ ಬಂದರೆ ಎರಡು ದಿನ ಮಲಗಬೇಕಾಗುತ್ತದೆ. ಹಿರಿಯರಿಗೆ, ಅಂಗವಿಕಲರಿಗೆ ಸುಗಮವಾದ ದಾರಿ ಬೇಕೆನ್ನುವುದು ನ್ಯಾಯವಾದ ಮಾತು. ಆದರೆ ಬೆಟ್ಟದ ನೆತ್ತಿ ಎಷ್ಟು ಚಿಕ್ಕದೆಂಬುದು ಅಲ್ಲಿ ನಿಂತವರಿಗೆ ಗೊತ್ತು. ಸರ್ವಜ್ಞ ಪೀಠದ ಸುತ್ತ ಈಗ ರಜಾದಿನಗಳಲ್ಲೇ ಕಾಲಿಡಲು ಜಾಗವಿರುವುದಿಲ್ಲ. ಹುಲ್ಲುಗಾವಲಿನಲ್ಲಿ ಜನ ನಡೆದು ನಡೆದು ಮಣ್ಣು ಸವೆದು, ಒಂದು ಕಾಲುದಾರಿ ಇದ್ದಲ್ಲಿ ಈಗ ನಾಲ್ಕು ಕೊರಕಲು ಬಿದ್ದಿವೆ. ಗಂಟೆಗೆ ನೂರಾರು ಜನರನ್ನು ಮೇಲಕ್ಕೆ ತಂದು ಬಿಟ್ಟರೆ ಆ ಹುಲ್ಲು, ಆ ಶೋಲಾ ಕಾಡು, ಕಾಡಿನಿಂದ ಹುಟ್ಟುವ ಅಬ್ಬಿಗಳು ತಾಳುವುದಿಲ್ಲ. ಇನ್ನೊಂದು ಸಂಗತಿಯನ್ನೂ ಯೋಚಿಸಬೇಕು. ಇಂದು ಬೆಟ್ಟಕ್ಕೆ ಬರುವವರು ನಿಟ್ಟೂರು, ಸಂಪೇಕಟ್ಟೆ, ಕಟ್ಟಿನಹೊಳೆಯ ಮೇಲೆ ಹಾಯುತ್ತಾರೆ. ಅಲ್ಲಿನ ಜೀಪಿನವರಿಗೆ, ಊಟದ ಮನೆಯವರಿಗೆ, ತಂಗಲು ಕೋಣೆ ಕೊಡುವ ರೈತರಿಗೆ ನಾಲ್ಕು ಕಾಸು ಸಿಗುತ್ತದೆ. ಕೊಲ್ಲೂರಿನಲ್ಲಿ ಹತ್ತಿ ಕೊಲ್ಲೂರಿನಲ್ಲೇ ಇಳಿಯುವವರು ಈ ಊರುಗಳ ಮುಖವನ್ನೂ ನೋಡುವುದಿಲ್ಲ. ಹಿರಿಯರ ಅನುಕೂಲಕ್ಕೆ ಈಗಿರುವ ಜೀಪಿನ ದಾರಿಯನ್ನೇ, ಅಗಲ ಮಾಡದೆ, ಕೊರಕಲು ಮುಚ್ಚಿ, ಚರಂಡಿ ತೆಗೆದು ಸುಸ್ಥಿತಿಯಲ್ಲಿಡುವುದು ಹೆಚ್ಚು ವಿವೇಕದ ಕೆಲಸ ಎಂದು ನನ್ನ ದೃಢವಾದ ಅಭಿಪ್ರಾಯ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಸೇರಿದ್ದ ಚಿತ್ರಗಳನ್ನು ತಾವೂ ಪ್ರಕಟಿಸಿದ್ದಿರಬಹುದು. ಅದಾದ ಮೇಲೆ ರಾಜ್ಯದ ಚಾರಣ ಪಥಗಳಿಗೆ ಆನ್‌ಲೈನ್ ನೋಂದಣಿ ಮತ್ತು ದಿನದ ಮಿತಿಯ ವ್ಯವಸ್ಥೆ ಬಂತು. ಅದು ಸ್ವಾಗತಾರ್ಹ. ಕಾಲ್ನಡಿಗೆಯವರಿಗೆ ಇರುವ ಮಿತಿ ಜೀಪಿನಲ್ಲಿ ಹೋಗುವವರಿಗೂ ಇರಬೇಕು. ಬೆಟ್ಟಕ್ಕೆ ಭಾರವಾಗುವುದು ಇಬ್ಬರ ಕಾಲೂ ಹೌದು. ಮಿತಿ ಮೀರಿ ಬಂದವರನ್ನು ಸುಮ್ಮನೆ ಹಿಂದಕ್ಕೆ ಕಳುಹಿಸಿದರೆ ಅವರಿಗೂ ಬೇಸರ, ಜೀಪಿನವರಿಗೂ ನಷ್ಟ. ಅಂಥವರಿಗೆ ‘ಇಂದು ಕೋಟೆ ಮತ್ತು ದೇವಗಂಗೆ ನೋಡಿ, ನಾಳೆ ಬೆಳಿಗ್ಗೆ ಬೆಟ್ಟಕ್ಕೆ ಬನ್ನಿ’ ಎಂದು ಹೇಳುವಂತಾದರೆ ಅವರು ಒಂದು ರಾತ್ರಿ ಇಲ್ಲೇ ಉಳಿಯುತ್ತಾರೆ.

ಕಾಡಿನಲ್ಲಿ ನಡೆಯುವವರಿಗೆ ಮುಖ್ಯವಾಗಿ ತಿಳಿಸಬೇಕಾದ ವಿಚಾರ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಕಾಯಿಲೆ ಉಣ್ಣೆ ಹುಳುವಿನ ಕಡಿತದಿಂದ ಬರುತ್ತದೆ. ನಮ್ಮ ಭಾಗದಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ಅಂದರೆ ಪ್ರವಾಸಿಗಳು ಹೆಚ್ಚು ಬರುವ ಕಾಲದಲ್ಲೇ, ಇದರ ಭಯ. ಊರಿನವರು ಕಾಡಿಗೆ ಹೋಗುವಾಗ ಆರೋಗ್ಯ ಇಲಾಖೆ ಕೊಡುವ, ಉಣ್ಣೆ ಹತ್ತದಂತೆ ತಡೆಯುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಕುದಿಸಿ ಒಗೆಯುತ್ತಾರೆ, ಮಂಗ ಸತ್ತು ಬಿದ್ದ ಜಾಗಕ್ಕೆ ಹೋಗುವುದಿಲ್ಲ. ಅರ್ಧ ಚಡ್ಡಿ ಹಾಕಿಕೊಂಡು ತರಗೆಲೆಯ ಮೇಲೆ ಕುಳಿತು ತಿಂಡಿ ತಿನ್ನುವ ಪ್ರವಾಸಿಗೆ ಇದನ್ನು ಯಾರೂ ಹೇಳುವುದಿಲ್ಲ. ವಾರದ ನಂತರ ತನ್ನ ಊರಿನಲ್ಲಿ ಜ್ವರ ಬಂದಾಗ ಅಲ್ಲಿನ ವೈದ್ಯರಿಗೆ ‘ನಾನು ಶಿವಮೊಗ್ಗ ಜಿಲ್ಲೆಯ ಕಾಡಿಗೆ ಹೋಗಿದ್ದೆ’ ಎಂದು ಹೇಳಬೇಕೆಂಬುದೂ ಅವನಿಗೆ ತಿಳಿದಿರುವುದಿಲ್ಲ. ಪ್ರತಿ ಚಾರಣ ಪಥದ ಆರಂಭದಲ್ಲಿ ಇದರ ಫಲಕ ಇರಲೇಬೇಕು. ಮಳೆಗಾಲದ ಉಂಬಳಗಳ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ. ಸ್ವಲ್ಪ ಸುಣ್ಣ, ಉಪ್ಪು ಇದ್ದರೆ ಸಾಕು.

ಇದೇ ನಾಯಕರ ಕವಲೇದುರ್ಗ ನಗರದವರಿಗೆ ದೂರವಲ್ಲ. ಗದ್ದೆಗಳ ನಡುವಿನಿಂದ ಆರಂಭವಾಗುವ ಕಲ್ಲುಹಾಸಿನ ದಾರಿ, ಒಂದರ ಮೇಲೊಂದು ಕೋಟೆಬಾಗಿಲು, ಕಾಶಿ ವಿಶ್ವನಾಥನ ಗುಡಿ, ಅರಮನೆಯ ಪಾಯ, ಇವೆಲ್ಲ ನೋಡತಕ್ಕವು. ಹಾಗೆಯೇ ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ದೇವಾಲಯಗಳು ಸಾಗರ ತಾಲ್ಲೂಕಿನಲ್ಲಿವೆ. ಕೆಳದಿಯಲ್ಲಿ ಈ ಸಂಸ್ಥಾನಕ್ಕೆ ಸಂಬಂಧಿಸಿದ ವಸ್ತುಸಂಗ್ರಹಾಲಯವೂ ಇದೆ. ಕೆಳದಿಯಿಂದ ಇಕ್ಕೇರಿ, ಇಕ್ಕೇರಿಯಿಂದ ನಗರ, ನಗರದಿಂದ ಕವಲೇದುರ್ಗ ಎಂದು ಮೂರು ದಿನದಲ್ಲಿ ನೋಡಿದರೆ ಒಂದು ಸಂಸ್ಥಾನದ 250 ವರ್ಷಗಳ ಬದುಕು ಕಣ್ಣಮುಂದೆ ನಿಲ್ಲುತ್ತದೆ. ಮೂರು ತಾಲ್ಲೂಕುಗಳ ನಡುವೆ ಹಂಚಿಹೋಗಿರುವುದರಿಂದಲೋ ಏನೋ, ಇದನ್ನು ಒಂದೇ ದಾರಿಯಾಗಿ ಯಾರೂ ತೋರಿಸುತ್ತಿಲ್ಲ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ನಗರ ಹೋಬಳಿಯ ಹತ್ತು ಹನ್ನೆರಡು ಯುವಕ ಯುವತಿಯರನ್ನು ಆರಿಸಿ, ಇತಿಹಾಸ, ಕಾಡು, ಪ್ರಥಮ ಚಿಕಿತ್ಸೆ ಇವುಗಳ ತರಬೇತಿ ಕೊಟ್ಟು, ಗುರುತಿನ ಚೀಟಿ ನೀಡಿ ಮಾರ್ಗದರ್ಶಿಗಳನ್ನಾಗಿ ಮಾಡಬೇಕು. ಪ್ರವಾಸೋದ್ಯಮ ಇಲಾಖೆಯ ‘ಪ್ರವಾಸಿ ಮಿತ್ರ’ ಯೋಜನೆ ಈಗಾಗಲೇ ರಾಜ್ಯದ ದೊಡ್ಡ ತಾಣಗಳಲ್ಲಿದೆ. ಅದನ್ನು ನಮ್ಮಂಥ ಚಿಕ್ಕ ಊರಿಗೂ ವಿಸ್ತರಿಸಬಹುದು. ಪಿಯುಸಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ಇಲ್ಲೇ ನಿಲ್ಲುವುದಕ್ಕೆ ಇದು ದಾರಿಯಾಗುತ್ತದೆ. ಕೋಟೆಯ ಬಾಗಿಲಲ್ಲಿ, ದೇವಗಂಗೆಯಲ್ಲಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ, ನಕ್ಷೆ ಸಹಿತವಾದ ಫಲಕಗಳು ಬೇಕು. ಈಗ ಹೆಚ್ಚಿನ ಕಡೆ ಕಾಣುವುದು, ಹಾನಿ ಮಾಡಿದರೆ ದಂಡವೆಂದು ಎಚ್ಚರಿಸುವ ಫಲಕ ಮಾತ್ರ. ಅದು ಇರಲಿ, ಆದರೆ ಏಕೆ ಹಾನಿ ಮಾಡಬಾರದೆಂದು ತಿಳಿಸುವ ಫಲಕವೂ ಪಕ್ಕದಲ್ಲಿರಲಿ. ನಗರದಿಂದ ದೇವಗಂಗೆಗೆ ನಡೆದು ಹೋಗುವವರಿಗಾಗಿ ದಾರಿಗಲ್ಲುಗಳನ್ನು ನೆಡಬೇಕು. ಕಾರಿಲ್ಲದವರೂ ಬಂದು ಹೋಗುವಂತೆ ರಜಾದಿನಗಳಲ್ಲಿ ಹೊಸನಗರದಿಂದ ಬೆಳಿಗ್ಗೆ ಮತ್ತು ಸಂಜೆ ಒಂದೊಂದು ಬಸ್ಸಾದರೂ ಸಮಯಕ್ಕೆ ಸರಿಯಾಗಿ ಇರಬೇಕು.

ಇವೆಲ್ಲಕ್ಕೂ ಸರ್ಕಾರವನ್ನೇ ಕಾಯಬೇಕಾಗಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಾವು ಊರಿನ ಮೂವರು ನಿವೃತ್ತ ಶಿಕ್ಷಕರು ಸೇರಿ, ಬರುವ ಭಾನುವಾರದಿಂದ ಮಳೆಗಾಲ ಆರಂಭವಾಗುವವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಕೋಟೆಯ ಬಾಗಿಲಲ್ಲಿ ಇರುವುದೆಂದು ನಿಶ್ಚಯಿಸಿದ್ದೇವೆ. ಬಂದವರಿಗೆ ನಮಗೆ ತಿಳಿದಷ್ಟನ್ನು ಹೇಳುತ್ತೇವೆ, ಹಣವೇನೂ ಬೇಡ. ಶಾಲಾ ಪ್ರವಾಸದ ಶಿಕ್ಷಕರು ಮೊದಲೇ ತಿಳಿಸಿದರೆ ವಾರದ ಬೇರೆ ದಿನವೂ ಬರುತ್ತೇವೆ; ನಗರದ ಪೇಟೆಯಲ್ಲಿ ಯಾರನ್ನು ಕೇಳಿದರೂ ನಮ್ಮ ಮನೆ ತೋರಿಸುತ್ತಾರೆ. ನಮ್ಮಲ್ಲಿ ಹಿರಿಯರಾದವರಿಗೆ ಈಗ ಎಪ್ಪತ್ತಾರು. ನಮ್ಮ ಜೊತೆ ನಿಂತು ಕೇಳಿಸಿಕೊಂಡು ಮುಂದೆ ಇದನ್ನು ವಹಿಸಿಕೊಳ್ಳುವ ಊರಿನ ಮಕ್ಕಳಿಗೆ, ತರಬೇತಿ ಮತ್ತು ಸಂಭಾವನೆಯ ಏರ್ಪಾಡನ್ನು ಮುಂದಿನ ಅಕ್ಟೋಬರ್‌ನೊಳಗೆ, ಅಂದರೆ ಮಳೆ ನಿಂತು ಪ್ರವಾಸಿಗಳು ಬರತೊಡಗುವ ಮೊದಲು, ಜಿಲ್ಲಾಡಳಿತ ಮಾಡಿಕೊಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಾಲಾ ಶಿಕ್ಷಕ
ನಗರ ಹೋಬಳಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ